ಲೇಟೆಕ್ಸ್ ಟ್ಯೂಬ್ ಹಾಕಿ ಎಂಟು ತಿಂಗಳು: ದಿನಾ ಗಾಳಿ ಹೊಡ್ಯೋಕೆ ಬೇಜಾರಿಲ್ದೋರು ಮಾತ್ರ ಓದಿ

ರೋಡ್ ಬೈಕಿಗೆ ಲೇಟೆಕ್ಸ್ ಟ್ಯೂಬ್ ಹಾಕಿ ಎಂಟು ತಿಂಗಳಾಯ್ತು. ಜೊತೆಲಿ ರೈಡ್ ಬರೋರೆಲ್ಲ ಒಬ್ಬೊಬ್ರಾಗಿ ಕೇಳಿ ಮುಗಿಸಿದಾರೆ, ಹೆಂಗಿದೆ, ತಗೋಬೋದಾ, ಕೊಟ್ಟ ದುಡ್ಡಿಗೆ ಮೋಸ ಇಲ್ವಾ ಅಂತ, ಪ್ರತಿ ಸಲ ರಸ್ತೆ ಪಕ್ಕ ನಿಂತ್ಕೊಂಡು ಅದೇ ಪುರಾಣ ಹೇಳೋ ಬದಲು ಒಂದೇ ಸಲ ಬರೆದು ಹಾಕ್ಬಿಡೋಣ ಅನ್ನಿಸ್ತು. ವಿಟ್ಟೋರಿಯಾದು ಪಿಂಕ್ ಬಣ್ಣ, ಮಿಷೆಲಿನ್‌ದು ಹಸಿರು, ಇನ್ನೂ ಒಂದೆರಡು ಕಂಪನಿದು ಸಿಗತ್ತೆ, ನಾನು ಎರಡು ಬೇರೆ ಬೇರೆ ಮೇಕ್ ಓಡ್ಸಿ ನೋಡಿದೀನಿ, ಬಣ್ಣ ಬಿಟ್ರೆ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಕಾಣ್ಲಿಲ್ಲ. ಹಂಗಾಗಿ ಇದನ್ನ ಒಂದು ಬ್ರ್ಯಾಂಡಿನ ರಿವ್ಯೂ ಅಂತ ಓದ್ಬೇಡಿ, ಲೇಟೆಕ್ಸ್ ಅನ್ನೋ ಸಾಮಾನಿನ ರಿವ್ಯೂ ಇದು.

ಮೊದಲು ಗಾಳಿ ವಿಷಯ, ಯಾಕಂದ್ರೆ ಉಳಿದಿದ್ದೆಲ್ಲ ಅದರ ಮೇಲೇ ನಿಂತಿದೆ. ನನ್ನದು 28 ಮಿಲಿಮೀಟರ್ ಅಗಲದ ಟೈರು, ಹಿಂದಿನ ಚಕ್ರಕ್ಕೆ 80 ಪಿಎಸ್‌ಐ ಹಾಕ್ತಿದ್ದೆ. ಇವತ್ತು ಬೆಳಿಗ್ಗೆ 80 ಇದ್ದಿದ್ದು ನಾಳೆ ಬೆಳಿಗ್ಗೆ ಗೇಜ್ ಇಟ್ರೆ 60ರ ಆಸುಪಾಸು. ಮೂರು ದಿನ ಸೈಕಲ್ ಮುಟ್ಟದೆ ಬಿಟ್ರೆ ಹೆಬ್ಬೆರಳಲ್ಲಿ ಒತ್ತಿದ್ರೂ ಟೈರ್ ಒಳಗೆ ಹೋಗತ್ತೆ. ಮೊದಲನೇ ಸಲ ನೋಡಿ ಪಂಚರ್ ಆಗಿದೆ ಅಂದ್ಕೊಂಡು ಟ್ಯೂಬ್ ಬಿಚ್ಚಿ ಬಕೆಟ್ ನೀರಲ್ಲಿ ಮುಳುಗಿಸಿ ಗುಳ್ಳೆ ಹುಡುಕ್ದೋನು ನಾನು, ಒಂದೂ ಬರ್ಲಿಲ್ಲ. ಅದು ತೂತಲ್ಲ, ಅದರ ಸ್ವಭಾವಾನೇ ಹಂಗೆ. ಲೇಟೆಕ್ಸ್ ಅಂದ್ರೆ ಮರದ ಹಾಲಿಂದ ಬರೋ ನೈಸರ್ಗಿಕ ರಬ್ಬರು, ಅದರ ಗೋಡೆ ಮೂಲಕಾನೇ ಗಾಳಿ ನಿಧಾನಕ್ಕೆ ಜಾರ್ಕೊಂಡು ಹೋಗತ್ತೆ. ನಾವೆಲ್ಲ ಹಾಕೋ ಮಾಮೂಲಿ ಕಪ್ಪು ಟ್ಯೂಬ್ ಬ್ಯೂಟೈಲ್‌ದು, 1937ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಲ್ಯಾಬಲ್ಲಿ ಕಂಡುಹಿಡಿದಿದ್ದು, ಅದರ ಅಣುಗಳು ಒತ್ತೊತ್ತಾಗಿ ಕೂತಿರೋದ್ರಿಂದ ಗಾಳಿಗೆ ಹೊರಗೆ ಬರಕ್ಕೆ ದಾರಿ ಕಮ್ಮಿ, ಅದಕ್ಕೇ ಅದು ವಾರಗಟ್ಟಲೆ ಸುಮ್ನೆ ಇರತ್ತೆ. ಲೇಟೆಕ್ಸ್ ಹಾಕ್ಸೋದು ಅಂದ್ರೆ ಮನೇಲಿ ಹಸು ಕಟ್ಟಿದಂಗೆ, ಇವತ್ತು ಮೂಡ್ ಇಲ್ಲ ಅಂತ ಬಿಡಂಗಿಲ್ಲ. ನೆಟ್ಟಗಿರೋ ಒಂದು ಫ್ಲೋರ್ ಪಂಪ್ ಇಲ್ದೆ ಇದಕ್ಕೆ ಕೈ ಹಾಕ್ಲೇಬೇಡಿ.

ಸರಿ, ಇಷ್ಟೆಲ್ಲ ಸೇವೆ ಮಾಡಿದ್ರೆ ಸಿಗೋದೇನು? ಟೈರ್ ರಸ್ತೆಗೆ ತಾಗೋ ಜಾಗದಲ್ಲಿ ಪ್ರತಿ ಸುತ್ತಿಗೂ ಚಪ್ಪಟೆ ಆಗಿ ಮತ್ತೆ ದುಂಡಗಾಗತ್ತಲ್ಲ, ಆಗ ಟೈರ್ ಜೊತೆ ಟ್ಯೂಬೂ ಬಗ್ಗತ್ತೆ, ಬ್ಯೂಟೈಲ್ ಬಗ್ಗಿದ್ದು ವಾಪಸ್ ಬರೋವಾಗ ಸ್ವಲ್ಪ ಶಕ್ತಿನ ಶಾಖ ಮಾಡಿ ನುಂಗಿಬಿಡತ್ತೆ, ಲೇಟೆಕ್ಸ್ ಪುಟಿದು ಬರತ್ತೆ. ಒಂದು ಚಕ್ರಕ್ಕೆ ಸುಮಾರು ಎರಡು ವಾಟ್ ಉಳಿತಾಯ, ಎರಡೂ ಸೇರಿ ನಾಲ್ಕು ಅಂತ ಇಟ್ಕೊಳ್ಳಿ. 200 ವಾಟಲ್ಲಿ ಒಬ್ರೇ ತುಳೀತಾ 40 ಕಿಲೋಮೀಟರ್ ಹೋದ್ರೆ ಹೆಚ್ಚು ಕಮ್ಮಿ ಅರ್ಧ ನಿಮಿಷ. ಟೈಮ್ ಟ್ರಯಲ್ (ಒಬ್ರೇ ಗಡಿಯಾರದ ವಿರುದ್ಧ ಓಡ್ಸೋ ರೇಸ್) ಮಾಡೋರಿಗೆ ಅರ್ಧ ನಿಮಿಷ ಅಂದ್ರೆ ಬಂಗಾರ, ನನಗೆ ರೆಡ್ ಸಿಗ್ನಲ್ಲಲ್ಲೇ ಅದಕ್ಕಿಂತ ಜಾಸ್ತಿ ಹೋಗತ್ತೆ. ತೂಕ ಕಮ್ಮಿ ಅಂತಾನೂ ಹೇಳ್ತಾರೆ, ತಕ್ಕಡಿಗೆ ಹಾಕ್ದೆ, ನನ್ನ ಲೇಟೆಕ್ಸ್ 82 ಗ್ರಾಂ, ತೆಗೆದ ಬ್ಯೂಟೈಲ್ 108. ಆದ್ರೆ ತೆಳು ಬ್ಯೂಟೈಲ್ ತಗೊಂಡ್ರೂ ಇಷ್ಟೇ ತೂಗತ್ತೆ, ಹಂಗಾಗಿ ತೂಕ ನೋಡಿ ಯಾರೂ ಇದನ್ನ ತಗೋಬೇಡಿ.

ಎಲ್ರೂ ಹೊಗಳೋದು ಆ ಮೆತ್ತನೆ ಫೀಲ್‌ನ. ನಾನೂ ಹೊಗಳಿದ್ದೆ. ಮೊದಲ ತಿಂಗಳು ಲಾಂಗ್ ರೈಡಲ್ಲಿ ಮೂರು ಗಂಟೆ ದಾಟಿದ್ಮೇಲೆ ಒಂಥರಾ ಸುಖ ಬರ್ತಿತ್ತು, ಒರಟು ರಸ್ತೆ ಮೇಲೂ ಹ್ಯಾಂಡಲ್ ಝುಂ ಅನ್ನೋದು ನಿಂತುಹೋಗಿತ್ತು, ಆಹಾ ಇದೇ ಲೇಟೆಕ್ಸ್ ಮಹಿಮೆ ಅಂತ ಸಿಕ್ಕಸಿಕ್ಕೋರಿಗೆಲ್ಲ ಹೇಳ್ಕೊಂಡು ಓಡಾಡ್ದೆ. ಒಂದಿನ ಐದು ಗಂಟೆ ಓಡ್ಸಿ ಮನೆಗೆ ಬಂದು ಡಿಜಿಟಲ್ ಗೇಜ್ ಇಟ್ಟೆ: 74. ಹೊರಡೋವಾಗ ಇದ್ದಿದ್ದು 80. ಅಲ್ಲಿಗೆ ತಲೆಗೆ ಹುಳ ಬಿಟ್ಕೊಂಡೆ. ಮುಂದಿನ ವಾರ ಹಳೇ ಕಪ್ಪು ಬ್ಯೂಟೈಲ್ ಹಾಕಿ ಶುರುವಿಂದಾನೇ 74 ಇಟ್ಟು ಅದೇ ರಸ್ತೆಲಿ ಹೋದೆ. ಏನ್ ಹೇಳ್ಲಿ, ಆ ಮಹಿಮೆಲಿ ಮುಕ್ಕಾಲು ಪಾಲು ಅಲ್ಲೇ ಸಿಕ್ತು! ಇಷ್ಟು ವರ್ಷ ನಾನು ಟೈರಿಗೆ ಜಾಸ್ತಿ ಗಾಳಿ ಹಾಕ್ಕೊಂಡು ಕುಣೀತಿದ್ದೆ ಅಷ್ಟೇ, ಲೇಟೆಕ್ಸ್ ತಾನೇ ಗಾಳಿ ಬಿಟ್ಕೊಂಡು ನನ್ನ ತಪ್ಪು ತಿದ್ದಿತ್ತು. ಹಂಗಂತ ಉಳಿದ ಕಾಲು ಪಾಲು ಸುಳ್ಳಲ್ಲ. ಎರಡಕ್ಕೂ ಸಮ 74 ಇಟ್ಟು ಒಂದಾದ್ಮೇಲೊಂದು ಓಡ್ಸಿದಾಗ ಲೇಟೆಕ್ಸಲ್ಲಿ ಸಣ್ಣ ನಡುಕ ಕಮ್ಮಿ, ಟೈರ್ ಸದ್ದೇ ಬೇರೆ, ಸಣ್ಣ ಉಬ್ಬು ಬಂದಾಗ ಚಕ್ರ ಅದನ್ನ ನುಂಗ್ಕೊಂಡು ಹೋಗತ್ತೆ. ಇದ್ರಿಂದ ನನ್ನ ಸಲಹೆ ಏನಂದ್ರೆ ಲೇಟೆಕ್ಸಿಗೆ ದುಡ್ಡು ಹಾಕೋಕೆ ಮುಂಚೆ ಒಂದು ವಾರ ಈಗಿರೋ ಟ್ಯೂಬಲ್ಲೇ ಐದಾರು ಪಿಎಸ್‌ಐ ಇಳಿಸಿ ನೋಡಿ, ಬಿಟ್ಟಿ ಕೆಲಸ. ಅದೂ ಸಾಲ್ದು ಅನ್ಸಿದ್ರೆ ಆಮೇಲೆ ಬನ್ನಿ. ಇನ್ನೊಂದು, ದಪ್ಪ ಗೋಡೆಯ ಗಟ್ಟಿ ಟೈರ್ ಒಳಗೆ ಇದನ್ನ ಹಾಕಿದ್ರೆ ಏನೂ ಗೊತ್ತಾಗಲ್ಲ, ರೇಸ್ ಟೈರಿನಂಥ ತೆಳು ಕೇಸಿಂಗ್ (ಟೈರಿನ ಒಳಗಿನ ಬಟ್ಟೆ ಪದರ) ಇದ್ರೇನೇ ಇದರ ಮಜಾ.

ಹಾಕೋದು ಒಂದು ತಪಸ್ಸು. ಮೊದಲನೇ ಟ್ಯೂಬ್ ಹೋಗಿದ್ದು ರಾತ್ರಿ ಹತ್ತೂವರೆಗೆ, ಮನೆ ಹಾಲ್‌ನಲ್ಲಿ ಕೂತು ಪಂಪ್ ಹೊಡೀತಿದ್ದೆ, 60 ದಾಟಿತ್ತೋ ಇಲ್ವೋ ಢಮ್ ಅಂತು, ಮನೆಯೋರೆಲ್ಲ ಎದ್ದು ಬಂದ್ರು, ನನ್ನ ಕಿವಿ ಹತ್ತು ನಿಮಿಷ ಗುಂಯ್ ಅಂತಿತ್ತು. ತಪ್ಪು ನಂದೇ, ಟೈರ್ ಅಂಚಿನ ಕೆಳಗೆ ಟ್ಯೂಬ್ ಒಂದು ಕಡೆ ಸಿಕ್ಕಾಕ್ಕೊಂಡಿತ್ತು. ಬ್ಯೂಟೈಲ್ ಆದ್ರೆ ಇಂಥ ಉಡಾಫೆನ ಎಷ್ಟೋ ಸಲ ಕ್ಷಮಿಸತ್ತೆ, ಇದು ಕ್ಷಮಿಸಲ್ಲ. ಈಗ ಹೆಂಗ್ ಮಾಡ್ತೀನಿ ಅಂದ್ರೆ, ಟ್ಯೂಬಿಗೆ ಟಾಲ್ಕಮ್ ಪೌಡರ್ ಸವರಿ, ಬರೀ ಆಕಾರ ಬರೋವಷ್ಟು ಗಾಳಿ ತುಂಬಿ, ಟೈರ್ ಒಳಗೆ ಕೂರ್ಸಿ, ಟೈರ್ ಎಬ್ಬೋ ಲಿವರ್ ಮುಟ್ಟದೆ ಬರೀ ಹೆಬ್ಬೆರಳಲ್ಲೇ ಟೈರ್ ಏರಿಸ್ತೀನಿ, ಆಮೇಲೆ ರಿಮ್ ಸುತ್ತ ಎರಡೂ ಕಡೆ ಟೈರ್ ಒತ್ತಿ ಒತ್ತಿ ಎಲ್ಲಾದ್ರೂ ಬಣ್ಣ ಇಣುಕತ್ತಾ ನೋಡ್ತೀನಿ, ಪಿಂಕ್ ಇರೋದ್ರ ಒಂದೇ ಉಪಯೋಗ ಇದು, ಕಪ್ಪು ಟೈರ್ ಪಕ್ಕ ತಕ್ಷಣ ಕಾಣತ್ತೆ. ವಾಲ್ವ್‌ನ ಒಂದ್ಸಲ ಒಳಕ್ಕೆ ಒತ್ತಿ ಬಿಡೋದು ಮರೀಬೇಡಿ, ಅದರ ಬುಡದಲ್ಲೇ ಸಿಕ್ಕಾಕ್ಕೊಳ್ಳೋದು ಜಾಸ್ತಿ. ರಿಮ್ ಒಳಗೆ ಸ್ಪೋಕ್ ತೂತು ಮುಚ್ಚೋ ರಿಮ್ ಟೇಪ್ ಸ್ವಲ್ಪ ಜರುಗಿದ್ರೂ ಲೇಟೆಕ್ಸ್ ಆ ತೂತಿನೊಳಗೆ ಉಬ್ಕೊಂಡು ಹೋಗಿ ಹರಿಯತ್ತೆ, ಹಳೇ ಟೇಪ್ ಇದ್ರೆ ಬದಲಾಯ್ಸೇ ಹಾಕಿ. ಎಣ್ಣೆ, ಗ್ರೀಸ್ ಕೈಲಿ ಮುಟ್ಟಬೇಡಿ, ರಬ್ಬರ್ ಹಾಳಾಗತ್ತೆ, ಬಿಸಿಲಲ್ಲಿ ಇಡೋದೂ ಬೇಡ.

ಪಂಚರ್ ವಿಷಯದಲ್ಲಿ ಮಾತ್ರ ನನಗೆ ಖುಷಿ. ಎಂಟು ತಿಂಗಳಲ್ಲಿ ಮೂರೇ, ಮೂರೂ ಹಿಂದಿನ ಚಕ್ರ. ಒಂದ್ಸಲ ಟೈರ್ ಬಿಚ್ಚಿದಾಗ ಚಿಕ್ಕ ಗಾಜಿನ ಚೂರು ಒಳಗಿನ ತನಕ ತೂರಿ ಬಂದಿತ್ತು, ಟ್ಯೂಬ್ ಅದರ ಸುತ್ತ ಬಗ್ಗಿ ಕೂತಿತ್ತೇ ಹೊರತು ತೂತಾಗಿರ್ಲಿಲ್ಲ, ಅಷ್ಟು ಹಿಗ್ಗತ್ತೆ. ಗುಂಡಿಗೆ ಬಿದ್ದಾಗ ರಿಮ್‌ಗೆ ಕಚ್ಚಿ ಎರಡು ತೂತಾಗೋದೂ ಕಮ್ಮಿ. ಪ್ಯಾಚ್ ಹಾಕೋಕೆ ಅಂಟಿಸೋ ಸ್ಟಿಕ್ಕರ್ ಪ್ಯಾಚ್ ವೇಸ್ಟ್, ಟ್ಯೂಬ್ ಹಿಗ್ಗಿದ ತಕ್ಷಣ ಎದ್ದು ಬರತ್ತೆ, ಹಳೇ ಲೇಟೆಕ್ಸ್ ಟ್ಯೂಬಿಂದಾನೇ ಒಂದು ದುಂಡನೆ ತುಂಡು ಕತ್ತರಿಸಿ ಸೊಲ್ಯೂಷನ್ ಹಚ್ಚಿ ಒಣಗಿಸಿ ಅಂಟಿಸಿದ್ರೆ ಪ್ಯಾಚೂ ಟ್ಯೂಬ್ ಜೊತೆ ಹಿಗ್ಗತ್ತೆ. ಆ ರಾತ್ರಿ ಢಮ್ ಅಂದಿದ್ದು ಈಗ ನನ್ನ ಪ್ಯಾಚ್ ಡಬ್ಬಿ. ದಾರಿಲಿ ಮಾತ್ರ ಈ ಕೆಲಸ ಬೇಡ, ಸ್ಯಾಡಲ್ ಬ್ಯಾಗಲ್ಲಿ ಬೇರೆ ಟ್ಯೂಬ್ ಇಟ್ಕೊಳ್ಳಿ. ದಾರಿಲಿ ಪಂಪ್ ಬದಲು ಬಳಸೋ ಸಿಒಟು (ಕಾರ್ಬನ್ ಡೈಆಕ್ಸೈಡ್) ಕಾರ್ಟ್ರಿಜಲ್ಲಿ ಲೇಟೆಕ್ಸ್ ತುಂಬಿದ್ರೆ ಅದು ಮಾಮೂಲಿ ಗಾಳಿಗಿಂತ ಬೇಗ ಖಾಲಿ ಆಗತ್ತೆ, ಮನೆ ಸೇರ್ಕೊಂಡು ಪೂರ್ತಿ ಬಿಟ್ಟು ಮತ್ತೆ ಪಂಪ್ ಹೊಡೀರಿ.

ಒಂದು ಎಚ್ಚರಿಕೆ, ಇದರಲ್ಲಿ ತಮಾಷೆ ಇಲ್ಲ. ಕಾರ್ಬನ್ ರಿಮ್, ಅದೂ ರಿಮ್ ಬ್ರೇಕ್ ಇರೋದು ಆದ್ರೆ ಲೇಟೆಕ್ಸ್ ಬೇಡ. ಉದ್ದ ಘಾಟ್ ಇಳಿಯೋವಾಗ ಬ್ರೇಕ್ ಹಿಡ್ಕೊಂಡೇ ಇದ್ರೆ ರಿಮ್ ಕಾಯತ್ತೆ, ಟ್ಯೂಬ್ ಆ ಬಿಸಿಗೆ ಒಡೆಯಬಹುದು, ಚಕ್ರ ಮಾಡೋ ಕಂಪನಿಗಳೇ ಬೇಡ ಅಂತಾವೆ. ಡಿಸ್ಕ್ ಬ್ರೇಕ್ ಇದ್ರೆ ಈ ತಲೆನೋವಿಲ್ಲ. ಲೇಟೆಕ್ಸ್ ಅಲರ್ಜಿ ಇರೋರಂತೂ ಮುಟ್ಟೋ ಹಾಗೇ ಇಲ್ಲ.

ಈಗ ಟಿಪಿಯು (ಒಂಥರಾ ಹಿಗ್ಗೋ ಪ್ಲಾಸ್ಟಿಕ್) ಟ್ಯೂಬ್ ಬಂದಿದೆಯಲ್ಲ, ಟ್ಯೂಬೊಲಿಟೊ ಥರದ್ದು, ಪ್ಲಾಸ್ಟಿಕ್ ಕವರಿನ ಹಂಗೆ ಇರತ್ತೆ, ತೂಕ ಲೇಟೆಕ್ಸಿನ ಅರ್ಧಕ್ಕಿಂತ ಕಮ್ಮಿ, ಗಾಳಿ ಚೆನ್ನಾಗಿ ಹಿಡಿಯತ್ತೆ, ಉರುಳೋದ್ರಲ್ಲೂ ಲೇಟೆಕ್ಸಿನ ಹತ್ತಿರ ಹತ್ತಿರ. ನನ್ನ ಬ್ಯಾಗಲ್ಲಿ ಸ್ಪೇರ್ ಇರೋದು ಅದೇ, ಮಡಿಸಿದ್ರೆ ಬೆಂಕಿಪೊಟ್ಟಣದಷ್ಟು. ಎರಡು ಸಲ ಅದರ ಮೇಲೇ ಮನೆಗೆ ಬಂದಿದೀನಿ, ಚೆನ್ನಾಗೇ ಇದೆ, ಆದ್ರೆ ಲೇಟೆಕ್ಸಿನಷ್ಟು ಮೆತ್ತಗೆ ಅಲ್ಲ, ಸ್ವಲ್ಪ ಟಣ್ ಟಣ್ ಅನ್ಸತ್ತೆ ನನಗೆ.

ದಿನಾ ಕೆಲಸಕ್ಕೆ ಹೋಗೋ ಇನ್ನೊಂದು ಸೈಕಲ್ಲಿಗೂ ಉತ್ಸಾಹಕ್ಕೆ ಬಿದ್ದು ಲೇಟೆಕ್ಸ್ ಹಾಕಿದ್ದೆ, ಹದಿನೈದು ದಿನಕ್ಕೇ ತೆಗ್ದೆ, ಬೆಳಿಗ್ಗೆ ಲೇಟಾಗಿರೋವಾಗ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಎರಡು ಚಕ್ರಕ್ಕೆ ಪಂಪ್ ಹೊಡ್ಯೋದು ಯಾರಿಗೆ ಬೇಕು. ರೋಡ್ ಬೈಕಲ್ಲಿ ಮಾತ್ರ ಇನ್ನೂ ಅದೇ ಇದೆ. 5ಕ್ಕೆ 3.5 ಕೊಡ್ತೀನಿ, ಭಾನುವಾರ ಬೆಳಿಗ್ಗೆ ಕೇಳಿದ್ರೆ 4. ಹಿಂದಿನ ಚಕ್ರದ ಟ್ಯೂಬಲ್ಲಿ ಈಗ ಮೂರು ಪ್ಯಾಚ್ ಇದೆ, ನಾಲ್ಕನೇದು ಬಂದ್ರೆ ಅದನ್ನೂ ಕತ್ತರಿಸಿ ಡಬ್ಬಿಗೆ ಹಾಕಿ ಹೊಸದು ತರೋದು ಅಂತ ಇದೀನಿ.