ಮೂರು ವರ್ಷ ಬಳಸಿದ ಮೇಲೆ: ನಮ್ಮ ಸ್ಟಾಕ್ ಪ್ಲಾನಿಂಗ್ ಸಾಫ್ಟ್‌ವೇರ್

ಮೊದಲು ದೂರು ಹೇಳಿಬಿಡುತ್ತೇನೆ. ಮಾಲು ಖಾಲಿಯಾದ ದಿನ ಯಾವುದು, ಗಿರಾಕಿ ಬಾರದ ದಿನ ಯಾವುದು ಎಂದು, ಹಳೇ ಮಾರಾಟ ನೋಡಿ ಮುಂದೆ ಎಷ್ಟು ತರಿಸಬೇಕು ಅಂತ ಅಂದಾಜು ಹೇಳುವ ಈ ಸಾಫ್ಟ್‌ವೇರ್‌ಗೆ ತಿಳಿಯುವುದಿಲ್ಲ.

ನಮ್ಮದು ಎಲೆಕ್ಟ್ರಿಕಲ್ ಸಾಮಾನಿನ ಹೋಲ್‌ಸೇಲ್. ಎರಡನೇ ವರ್ಷ ಒಂದು ಬಗೆಯ ಸ್ವಿಚ್ಚು 11 ದಿನ ಗೋಡೌನ್‌ನಲ್ಲಿ ಇರಲೇ ಇಲ್ಲ. ಗಿರಾಕಿಗಳು ಕೇಳಿ ಕೇಳಿ ವಾಪಸ್ ಹೋದರು. ಸಾಫ್ಟ್‌ವೇರ್ ಅಷ್ಟೂ ದಿನವನ್ನು ‘ಮಾರಾಟ ಸೊನ್ನೆ’ ಎಂದು ಓದಿಕೊಂಡು ಮುಂದಿನ ಆರ್ಡರ್ ಇನ್ನೂ ಕಮ್ಮಿ ಮಾಡಿತು. ಕಮ್ಮಿ ತರಿಸಿದ್ದಕ್ಕೆ ಮತ್ತೆ ಬೇಗ ಖಾಲಿ. ಖಾಲಿಯಾಗಿದ್ದಕ್ಕೆ ಅಂದಾಜು ಮತ್ತೆ ಇಳಿಯಿತು. ಆ ದಿನಗಳಿಗೆ ಕೈಯಿಂದಲೇ ಗುರುತು ಹಾಕಿ ಲೆಕ್ಕದಿಂದ ಬಿಡಿಸಬೇಕಂತೆ. ನನಗೆ ಗೊತ್ತಾಗಿದ್ದು ಎರಡು ಹಳೇ ಗಿರಾಕಿಗಳನ್ನು ಕಳೆದುಕೊಂಡ ಮೇಲೆ.

ಅವತ್ತಿನಿಂದ ಅದರ ಮಾತಿನ ಮೇಲೆ ನಂಬಿಕೆ ಹೋಯಿತು. ಪ್ರತಿ ಸಾಲಿಗೂ ಕೈ ಹಾಕತೊಡಗಿದೆ. 48 ತೋರಿಸಿದರೆ 50, 120 ತೋರಿಸಿದರೆ ‘ಇರಲಿ’ ಅಂತ 130.

ಜೊತೆಗೆ ಒಂದು ಅಭ್ಯಾಸವೂ ಶುರುವಾಯಿತು. ಸೋಮವಾರ ಬೆಳಿಗ್ಗೆ ಶಟರ್ ಎತ್ತುವ ಮುಂಚೆ ಒಂದು ಗಂಟೆ ನನಗೇ ಅಂತ ಇಟ್ಟುಕೊಂಡಿದ್ದೇನೆ. ಕಂಪ್ಯೂಟರ್ ಆನ್ ಮಾಡುವುದಿಲ್ಲ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಮುಖ್ಯವಾದ 30 ಐಟಂಗಳಿಗೆ ನನ್ನ ಅಂದಾಜು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಆಮೇಲೆ ಪಕ್ಕದಲ್ಲಿ ಸಾಫ್ಟ್‌ವೇರ್ ಹೇಳಿದ್ದು. ಮೂರನೇ ಕಾಲಂ ಶನಿವಾರ ಸಂಜೆ ತುಂಬುತ್ತದೆ, ನಿಜವಾಗಿ ಎಷ್ಟು ಹೋಯಿತು ಅಂತ. ಸಾಫ್ಟ್‌ವೇರ್‌ನ ನಂಬರ್ ಮೊದಲೇ ಕಣ್ಣಿಗೆ ಬಿದ್ದರೆ ನನ್ನ ಅಂದಾಜು ಗೊತ್ತಿಲ್ಲದೆಯೇ ಅದರ ಹತ್ತಿರ ಸರಿಯುತ್ತದೆ. ಅದಕ್ಕೇ ಈ ಕ್ರಮ.

ಆರು ತಿಂಗಳ ಪುಟ ತಿರುವಿ ನೋಡಿದಾಗ ಸಿಟ್ಟು ಅರ್ಧ ಇಳಿಯಿತು. ನಾನು ಎರಡು, ಐದು, ಹತ್ತು ಅಂತ ಮಾಡಿದ ಸಣ್ಣ ತಿದ್ದುಪಡಿಗಳಲ್ಲಿ ಹೆಚ್ಚಿನವು ಸುಮ್ನೆ ಲೆಕ್ಕ ಕೆಡಿಸಿದ್ದವು. ಸರಿಯಾಗಿದ್ದು ದೊಡ್ಡ ಬದಲಾವಣೆಗಳು: ಒಬ್ಬ ಕಾಂಟ್ರಾಕ್ಟರ್ ಹೊಸ ಕಟ್ಟಡದ ಕೆಲಸ ಹಿಡಿದಾಗ, ಸಪ್ಲೈಯರ್ ಎರಡು ವಾರ ಮುಚ್ಚುತ್ತೇನೆ ಎಂದಾಗ. ಹಳೇ ಮಾರಾಟದ ಅಂಕಿಯಲ್ಲಿ ಈ ಸುದ್ದಿ ಇರುವುದಿಲ್ಲ ಅಲ್ವಾ? ಇದು ನನ್ನೊಬ್ಬನ ಅನುಭವ ಅಲ್ಲ. ಮಾರಾಟದ ಅಂದಾಜಿನ ಬಗ್ಗೆ ಸಂಶೋಧನೆ ಮಾಡುವ ರಾಬರ್ಟ್ ಫಿಲ್ಡೆಸ್, ಪಾಲ್ ಗುಡ್‌ವಿನ್ ಮತ್ತು ಜೊತೆಗಾರರು ನಾಲ್ಕು ಕಂಪನಿಗಳ 60,000ಕ್ಕೂ ಜಾಸ್ತಿ ಅಂದಾಜುಗಳನ್ನು ನೋಡಿ 2009ರಲ್ಲಿ ಇದನ್ನೇ ಬರೆದಿದ್ದಾರೆ: ಸಣ್ಣ ತಿದ್ದುಪಡಿ ಕೆಡಿಸುತ್ತದೆ, ದೊಡ್ಡದು ಉಪಯೋಗಕ್ಕೆ ಬರುತ್ತದೆ ಅಂತ. ಇನ್ನೂ ಒಂದು ಮಾತಿದೆ ಅದರಲ್ಲಿ: ಅಂದಾಜನ್ನು ಏರಿಸಿದ್ದಕ್ಕಿಂತ ಇಳಿಸಿದ್ದೇ ಹೆಚ್ಚು ಸಲ ಉಪಯೋಗಕ್ಕೆ ಬಂದಿದೆ. ನನ್ನ ‘ಇರಲಿ ಹತ್ತು’ ನೆನಪಾಯಿತು.

ಈಗ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಲು ಬಂದರೆ ಮಾತ್ರ ನಂಬರ್ ಬದಲಿಸುತ್ತೇನೆ. ‘ಯಾಕೋ ಅನ್ನಿಸಿತು’ ಎನ್ನುವುದು ಕಾರಣ ಅಲ್ಲ. ದಿನಾ ಹೋಗುವ ವೈರು, ಬಲ್ಬು, ಹೋಲ್ಡರ್ ಎಲ್ಲ ಸಾಫ್ಟ್‌ವೇರ್‌ಗೇ ಬಿಟ್ಟಿದ್ದೇನೆ, ಅದರಲ್ಲಿ ಅದು ನನಗಿಂತ ಚೆನ್ನಾಗಿದೆ. ಹಿಂದಿನ ಮಾರಾಟವೇ ಇಲ್ಲದ ಹೊಸ ಐಟಂ ಪೂರ್ತಿ ನನ್ನದು.

ರಿಪೋರ್ಟು, ಗ್ರಾಫು ಪರವಾಗಿಲ್ಲ. ಮೊಬೈಲ್ ಆಪ್ ನಾನು ತೆರೆಯುವುದೇ ಕಮ್ಮಿ. ದುಬಾರಿ ಪ್ಲಾನ್ ನಮ್ಮಂಥ ನಾಲ್ಕು ಜನರ ವ್ಯಾಪಾರಕ್ಕೆ ಬೇಕಿಲ್ಲ, ಚಿಕ್ಕದೇ ಸಾಕು. ಮುಂದಿನ ವರ್ಷಕ್ಕೂ ಹಣ ಕಟ್ಟಿದ್ದೇನೆ. ಐದಕ್ಕೆ ಮೂರೂವರೆ. ಖಾಲಿ ದಿನಗಳನ್ನು ಅದೇ ಗುರುತಿಸುವಂತೆ ಮಾಡಿದ ದಿನ ಬಂದು ನಾಲ್ಕೂವರೆ ಮಾಡುತ್ತೇನೆ.