ಜ್ವರಕ್ಕೆ ‘ಏನೂ ಕೊಡದ’ ಡಾಕ್ಟರು: ತುಮಕೂರಿನ ಒಂದು ಕ್ಲಿನಿಕ್ಕಿನ ಬಗ್ಗೆ

ತುಮಕೂರಿನ ಎಸ್.ಐ.ಟಿ. ಬಡಾವಣೆಯ ಒಳರಸ್ತೆಯೊಂದರಲ್ಲಿರುವ ಈ ಸಣ್ಣ ಕ್ಲಿನಿಕ್ಕಿಗೆ ನಮ್ಮ ಮನೆಯವರೆಲ್ಲ ಹಲವು ವರ್ಷಗಳಿಂದ ಹೋಗುತ್ತಿದ್ದೇವೆ. ಜ್ವರವೆಂದು ಹೋದರೆ ಇಲ್ಲಿನ ವೈದ್ಯರು ‘ಏನೂ ಕೊಡಲ್ಲ’ ಎಂಬುದು ಅವರ ಮೇಲೆ ಸಾಮಾನ್ಯವಾಗಿ ಕೇಳಿಬರುವ ದೂರು. ನಾನು ಮೆಚ್ಚಿ ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತಿರುವುದು ಮುಖ್ಯವಾಗಿ ಆ ಗುಣಕ್ಕೇ.

ಕಳೆದ ಮಳೆಗಾಲದಲ್ಲಿ ಮಗಳಿಗೆ ನೆಗಡಿ, ಕೆಮ್ಮು, ಜ್ವರ ಒಟ್ಟಿಗೇ ಬಂದು, ಸಿಂಬಳ ಹಸಿರು ಬಣ್ಣಕ್ಕೆ ತಿರುಗಿತ್ತು. ವೈದ್ಯರು ಕಿವಿ, ಗಂಟಲು, ಎದೆಯನ್ನು ಸಾವಧಾನವಾಗಿ ಪರೀಕ್ಷಿಸಿ, ಆ ಬಣ್ಣ ನಮ್ಮದೇ ಬಿಳಿ ರಕ್ತಕಣಗಳಿಂದ ಬರುವುದೆಂದೂ ಅದೊಂದನ್ನೇ ನೋಡಿ ಬ್ಯಾಕ್ಟೀರಿಯಾ ಎನ್ನಲಾಗದೆಂದೂ ಹೇಳಿದರು. ಚೀಟಿಯಲ್ಲಿ ಇದ್ದದ್ದು ಕಿಲೋ ತೂಕಕ್ಕೆ 15 ಮಿಲಿಗ್ರಾಂ ಲೆಕ್ಕದ ಪ್ಯಾರಾಸಿಟಮಾಲ್ ಮತ್ತು ಮೂಗಿಗೆ ಉಪ್ಪುನೀರಿನ ಹನಿ, ಅಷ್ಟೆ. ಕೆಳಗೆ ಕನ್ನಡದಲ್ಲೇ ‘ಆ್ಯಂಟಿಬಯಾಟಿಕ್ ಬೇಡ’ ಎಂದು ಬರೆದು ಎರಡು ಗೆರೆ ಎಳೆದಿದ್ದರು. ಉಸಿರಾಟ ಜೋರಾದರೆ, ಮೂತ್ರ ಕಡಿಮೆಯಾದರೆ ಅಥವಾ ಮಗು ಮಂಕಾದರೆ ಹೊತ್ತು ನೋಡದೆ ಕರೆತನ್ನಿ ಎಂಬ ಸೂಚನೆಯೂ ಇತ್ತು.

ಕಾರಣ ಕೇಳಿದರೆ ಬೇಸರಿಸದೆ ವಿವರಿಸುತ್ತಾರೆ. ಆ್ಯಂಟಿಬಯಾಟಿಕ್‌ಗಳಲ್ಲಿ ಪೆನಿಸಿಲಿನ್, ಅಮಾಕ್ಸಿಸಿಲಿನ್‌ಗಳು ಬ್ಯಾಕ್ಟೀರಿಯಾ ತನ್ನ ಸುತ್ತ ಕಟ್ಟಿಕೊಳ್ಳುವ ಕೋಶಭಿತ್ತಿಯನ್ನು ಕೆಡಿಸಿದರೆ, ಅಜಿತ್ರೊಮೈಸಿನ್, ಡಾಕ್ಸಿಸೈಕ್ಲಿನ್‌ಗಳು ಅದರ ರೈಬೋಸೋಮಿನಲ್ಲಿ ಪ್ರೋಟೀನು ತಯಾರಾಗದಂತೆ ತಡೆಯುತ್ತವೆ. ನೆಗಡಿ-ಜ್ವರಕ್ಕೆ ಹೆಚ್ಚಾಗಿ ಕಾರಣವಾಗುವ ವೈರಸ್ಸಿಗೆ ಕೋಶಭಿತ್ತಿಯೂ ಇಲ್ಲ, ಸ್ವಂತ ರೈಬೋಸೋಮೂ ಇಲ್ಲ. ಅದು ನಮ್ಮ ಜೀವಕೋಶವನ್ನು ಹೊಕ್ಕು, ಪರರ ಅಡುಗೆಮನೆಯಲ್ಲಿ ಒಲೆ ಹಚ್ಚುವವನಂತೆ, ಅಲ್ಲಿನ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಆದ್ದರಿಂದ ವೈರಸ್ ವಿರುದ್ಧದ ಔಷಧಗಳು ಕಡಿಮೆ, ಇರುವವೂ ಬಹುಪಾಲು ಒಂದೊಂದು ಜಾತಿಗೆ ಸೀಮಿತ: ಇನ್‌ಫ್ಲುಯೆಂಜಾಕ್ಕೆ ಒಸೆಲ್ಟಾಮಿವಿರ್, ಅದೂ ಲಕ್ಷಣ ಕಂಡ 48 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಪ್ರಯೋಜನ, ಸರ್ಪಸುತ್ತಿಗೆ ಅಸೈಕ್ಲೋವಿರ್. ಡೆಂಗಿಗೆ ಅಂಥ ನಿರ್ದಿಷ್ಟ ಔಷಧವೇ ಇಲ್ಲ. ದ್ರವಾಹಾರ, ಪ್ಯಾರಾಸಿಟಮಾಲ್ ಮತ್ತು ನಿಗಾ ಮಾತ್ರ. ರಕ್ತಸ್ರಾವದ ಅಪಾಯವಿರುವುದರಿಂದ ಡೆಂಗಿಯ ಅನುಮಾನವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬಾರದೆಂದು ಗೋಡೆಯ ಮೇಲೆ ಬರೆಸಿದ್ದಾರೆ.

ಹಾಗೆಂದು ಇವರು ಆ್ಯಂಟಿಬಯಾಟಿಕ್ ವಿರೋಧಿಯೇನಲ್ಲ. ನಮ್ಮ ಅತ್ತೆಯವರಿಗೆ ಉರಿಮೂತ್ರವಾದಾಗ ಮೊದಲು ಮೂತ್ರದ ಮಾದರಿಯನ್ನು ಕಲ್ಚರ್ ಪರೀಕ್ಷೆಗೆ (ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಕಳಿಸಿ, ಅದೇ ದಿನ ನೈಟ್ರೊಫ್ಯುರಾಂಟಾಯಿನ್ ಶುರುಮಾಡಿದರು. ವರದಿಯಲ್ಲಿ ಇ. ಕೊಲೈ ಎಂಬ ಬ್ಯಾಕ್ಟೀರಿಯಾ ಬೆಳೆದಿತ್ತು, ಯಾವ ಔಷಧಕ್ಕೆ ಅದು ಮಣಿಯುತ್ತದೆ, ಯಾವುದಕ್ಕೆ ಮಣಿಯುವುದಿಲ್ಲ ಎಂಬ ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿ, ಕೊಟ್ಟ ಮಾತ್ರೆಯನ್ನೇ 5 ದಿನ ಪೂರ್ತಿ ನುಂಗಿಸಿದರು. ಟೈಫಾಯಿಡ್ ಶಂಕೆಯಿದ್ದರೂ ಇದೇ ಕ್ರಮ: ರಕ್ತದಲ್ಲಿನ ಪ್ರತಿಕಾಯಗಳನ್ನು ನೋಡುವ ವಿಡಾಲ್ ಪರೀಕ್ಷೆಯೊಂದನ್ನೇ ನೆಚ್ಚದೆ, ಔಷಧ ಕೊಡುವ ಮುಂಚೆ ರಕ್ತದ ಕಲ್ಚರ್ ಮಾಡಿಸುತ್ತಾರೆ. ನಗರದ ಇನ್ನೊಂದು ಕಡೆ ಇಂಥ ತೊಂದರೆಗೆ ಯಾವ ಪರೀಕ್ಷೆಯೂ ಇಲ್ಲದೆ ಎರಡು ಬಗೆಯ ಆ್ಯಂಟಿಬಯಾಟಿಕ್ ಒಟ್ಟಿಗೆ ಕೊಟ್ಟಿದ್ದನ್ನು ನೋಡಿದ ನನಗೆ ಈ ಶಿಸ್ತು ದೊಡ್ಡದೆನಿಸುತ್ತದೆ.

ಗುಬ್ಬಿ, ಕೊರಟಗೆರೆ ಕಡೆಯಿಂದ ಬಸ್ಸಿನಲ್ಲಿ ಬಂದವರು ‘ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ, ನಾಳೆ ಕೆಲಸಕ್ಕೆ ಹೋಗ್ಬೇಕು’ ಎಂದು ಕೇಳಿಕೊಳ್ಳುವುದನ್ನು ಇಲ್ಲಿ ಆಗಾಗ ಕೇಳುತ್ತೇನೆ. ದಿನಗೂಲಿ ಕಳೆದುಕೊಂಡು ಬಂದವರಿಗೆ ‘ತಾನಾಗಿಯೇ ವಾಸಿಯಾಗುತ್ತೆ’ ಎಂಬ ಉತ್ತರ ರುಚಿಸದಿರುವುದು ಸಹಜ. ವೈದ್ಯರು ಅಂಥವರಿಗೂ ಒಳಗೆ ಕೂರಿಸಿ ತಿಳಿಹೇಳುತ್ತಾರೆ. ಆದರೂ ಕೆಲವರು ನೇರವಾಗಿ ಬಿ.ಎಚ್. ರಸ್ತೆಯ ಕಡೆಗೆ ನಡೆದು, ಚೀಟಿ ಕೇಳದ ಯಾವುದಾದರೂ ಮೆಡಿಕಲ್ ಸ್ಟೋರ್ ಹುಡುಕಿಕೊಳ್ಳುತ್ತಾರೆ. ಮಾತ್ರೆಯ ಸ್ಟ್ರಿಪ್ ಮೇಲಿನ ಕೆಂಪು ಗೆರೆ ಇಂಥ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದೆಂಬುದರ ಗುರುತು ಎಂಬುದನ್ನು ನನಗೆ ಮೊದಲು ತೋರಿಸಿದ್ದು ಇಲ್ಲಿನ ಕಾಂಪೌಂಡರೇ.

ಒಂದು ನಕ್ಷತ್ರ ಕಡಿಮೆ ಮಾಡಿದ್ದು ಕಾಯುವ ವ್ಯವಸ್ಥೆಗೆ. ಪ್ರತಿಯೊಬ್ಬರಿಗೂ ಇಷ್ಟು ವಿವರಿಸುವುದರಿಂದ ಸಂಜೆಯ ಸರದಿ ವಿಪರೀತ ನಿಧಾನ, ಕೆಮ್ಮುವವರೂ ಎಳೆಮಕ್ಕಳೂ ಒಂದೇ ಬೆಂಚಿನಲ್ಲಿ ಕೂರಬೇಕು, ಒಳಗೆ ಗಾಳಿ ಕಡಿಮೆ. ಟೋಕನ್ನನ್ನು ಫೋನಿನಲ್ಲಿ ಕೊಡುವುದಿಲ್ಲ. ಸ್ವಂತ ಪ್ರಯೋಗಾಲಯವೂ ಇಲ್ಲದ್ದರಿಂದ ಮಾದರಿಯನ್ನು ನಾವೇ ಹೊರಗೆ ಒಯ್ಯಬೇಕು. ಹೋಗುವವರು ಬೆಳಗಿನ ಹೊತ್ತು ಆರಿಸಿಕೊಳ್ಳಿ, ಮಾಸ್ಕ್ ಹಾಕಿಕೊಳ್ಳಿ, ಮತ್ತು ಹಿಂದೆ ತೆಗೆದುಕೊಂಡ ಆ್ಯಂಟಿಬಯಾಟಿಕ್‌ಗಳ ಚೀಟಿಗಳಿದ್ದರೆ ಮರೆಯದೆ ಒಯ್ಯಿರಿ. ಅವರು ಮೊದಲು ಕೇಳುವುದೇ ಅದನ್ನು.