ಊರಿನ ಪ್ರೆಸ್‌ನಲ್ಲೇ ಕ್ರೀಡಾ ಮಾಸಿಕ: ದಾವಣಗೆರೆಯ ಆಫ್‌ಸೆಟ್ ಮುದ್ರಣ ಹೇಗಿದೆ?

ಕಬಡ್ಡಿ, ಕುಸ್ತಿ, ಟೆನಿಸ್ ಬಾಲ್ ಕ್ರಿಕೆಟ್ ಹುಚ್ಚಿನ ಓದುಗರಿಗೆಂದು ಮಾಸಿಕ ತರುವವರಿಗೆ ದಾವಣಗೆರೆಯ ಪ್ರೆಸ್‌ಗಳು ಸಾಕೇ, ಬೆಂಗಳೂರಿಗೋ ಶಿವಕಾಶಿಗೋ ಹೋಗಬೇಕೇ? ಕಪ್ಪು-ಬಿಳುಪಿನ ಒಳಪುಟಗಳಿಗೆ ಊರಿನ ಪ್ರೆಸ್ ಧಾರಾಳವಾಗಿ ಸಾಕು. ಬಣ್ಣದ ಹೊದಿಕೆಗೆ ನಾಲ್ಕು ಬಣ್ಣದ ಮಷಿನ್ ಇರುವ ಕಡೆಯೇ ಹೋಗಬೇಕು. ಹೇಳಿದ ದಿನಕ್ಕೆ ಕೊಡುವ ವಿಷಯದಲ್ಲಿ ಮಾತ್ರ ಅಂಕ ಕಡಿಮೆ. ಕಾರಣ ಲಗ್ನಪತ್ರಿಕೆ.

ಸುಗ್ಗಿ ಮುಗಿದ ಮೇಲೆ ಮದುವೆ, ಜಾತ್ರೆ, ಟೂರ್ನಮೆಂಟ್ ಮೂರೂ ಒಟ್ಟಿಗೆ ಬರುತ್ತವೆ. ದುಗ್ಗಮ್ಮನ ಜಾತ್ರೆಯ ಕುಸ್ತಿ ಸುದ್ದಿ ಬಿಸಿಯಾಗಿರುವಾಗಲೇ ಮಷಿನ್ ಮುಂದೆ ಕಾರ್ಡುಗಳ ಸರದಿ. ಮುಹೂರ್ತ ತಪ್ಪಬಾರದು, ಮಾಸಿಕ ಎರಡು ದಿನ ಕಾದರೂ ನಡೆದೀತು ಎಂಬುದು ಪ್ರೆಸ್‌ನವರ ಲೆಕ್ಕ. ಹಾಗಾಗಿ ಮೊದಲ ಸಂಚಿಕೆಯನ್ನು ಆಷಾಢಕ್ಕೆ ಇಟ್ಟುಕೊಳ್ಳಿ. ಆಷಾಢದಲ್ಲಿ ಹೊಸ ಕೆಲಸವೇ ಎಂದು ಮನೆಯವರು ಮೂಗು ಮುರಿಯಬಹುದು. ಪ್ರೆಸ್ ಬಿಡುವಾಗಿರುವುದು ಆಗಲೇ, ದರ ಚೌಕಾಸಿ ನಡೆಯುವುದೂ ಆಗಲೇ. ಒಂದೇ ತೊಡಕು: ಮಳೆಗಾಲದ ತೇವಕ್ಕೆ ಕಾಗದ ಹಿಗ್ಗುತ್ತದೆ. ಒಂದು ಬಣ್ಣದ ಮಷಿನ್‌ನಲ್ಲಿ ಹಾಳೆಯನ್ನು ನಾಲ್ಕು ಸಲ ಓಡಿಸಿದರೆ ಬಣ್ಣಗಳು ಒಂದರ ಮೇಲೊಂದು ಕೂರದೆ ಆಟಗಾರನ ಮುಖಕ್ಕೆ ಎರಡು ಅಂಚು ಬರುತ್ತವೆ.

ಅಳತೆಗೆ 1/4 ಡೆಮಿ ಸರಿ. 18×23 ಇಂಚಿನ ಒಂದು ಡೆಮಿ ಹಾಳೆಯಲ್ಲಿ ಎರಡೂ ಬದಿ ಸೇರಿ 8 ಪುಟ. ಕತ್ತರಿಸಿದ ಮೇಲೆ ಪುಟ 8.5×11 ಇಂಚು. 32 ಪುಟಕ್ಕೆ ನಾಲ್ಕು ಹಾಳೆ, ಸಾವಿರ ಪ್ರತಿಗೆ 8 ರೀಮು (ರೀಮಿಗೆ 500 ಹಾಳೆ). ಇದರ ಮೇಲೆ ನಾಲ್ಕರಲ್ಲಿ ಒಂದೊಂದು ಹಾಳೆಗೂ ನೂರು ಹಾಳೆಯಂತೆ ವೇಸ್ಟೇಜ್ ಸೇರಿಸಿ. 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ, ಮ್ಯಾಪ್‌ಲಿಥೊ ಎಂಬ ಹೊಳಪಿಲ್ಲದ ಕಾಗದದ ಒಳಪುಟ, 170 ಜಿಎಸ್‌ಎಂ ಆರ್ಟ್ ಪೇಪರ್ ಹೊದಿಕೆ ಹಾಕಿದರೆ ಪ್ರತಿಯ ತೂಕ ಸುಮಾರು 90 ಗ್ರಾಂ. ಇನ್ನೂರು ಮುನ್ನೂರು ಪ್ರತಿ ಸಾಕೆನ್ನುವವರು ಆಫ್‌ಸೆಟ್ ಬಿಟ್ಟು ಡಿಜಿಟಲ್ ಪ್ರಿಂಟ್ ದರ ಕೇಳಲಿ. ಎಷ್ಟೇ ಪ್ರತಿಯಿರಲಿ, ಆಫ್‌ಸೆಟ್‌ನಲ್ಲಿ ಪುಟಗಳ ಅಚ್ಚು ಮೂಡಿಸುವ ಪ್ಲೇಟಿನ ಖರ್ಚು ಅಷ್ಟೇ.

ಇಲ್ಲಿ ಪತ್ರಿಕೆ ಮಾಡುವವರು ಸಾಮಾನ್ಯವಾಗಿ ಕೈಬಿಡುವ ಹಣ ಒಂದಿದೆ. ಹಾಳೆಗಳನ್ನು ಒಂದರೊಳಗೊಂದು ಇಟ್ಟು ನಡುವೆ ಪಿನ್ ಹೊಡೆಯುವುದರಿಂದ ತೀರಾ ಒಳಗಿನ ಹಾಳೆಯಲ್ಲಿ 13ರಿಂದ 20ನೇ ಪುಟ ಇರುತ್ತವೆ. ನಡುವಿನ 16-17ಕ್ಕೆ ತಂಡದ ಬಣ್ಣದ ಫೋಟೊ ಹಾಕಿದರೆ ಅದೇ ಬದಿಯಲ್ಲಿರುವ 13 ಮತ್ತು 20ಕ್ಕೂ ಬಣ್ಣ ಪುಕ್ಕಟೆ. ಆ ಎರಡು ಪುಟಗಳನ್ನು ಬಣ್ಣದ ಜಾಹೀರಾತಿಗೆ ಮಾರಿ. ತಡವಾಗಿ ಬರುವ ಫಲಿತಾಂಶವನ್ನು 29-32ರಲ್ಲಿಟ್ಟು ಆ ಹಾಳೆಯನ್ನು ಕೊನೆಗೆ ಮುದ್ರಿಸಲು ಹೇಳಿ.

ಹೊದಿಕೆ ಮಡಿಕೆಯಲ್ಲಿ ಬಿರಿಯುತ್ತದೆ ಎಂಬ ದೂರು ಸಾಮಾನ್ಯ. ಪೇಪರ್ ಅಗ್ಗದ್ದು ಎಂದು ಬೈಯುವ ಮುನ್ನ ಅದರ ನಾರಿನ ದಿಕ್ಕು ಕೇಳಿ. ನಾರು ಉದ್ದಕ್ಕೆ ಓಡುವ 23×36ರ ದೊಡ್ಡ ಹಾಳೆಯನ್ನು ಎರಡಾಗಿ ಕತ್ತರಿಸಿದರೆ ನಾರು ಮಡಿಕೆಗೆ ಅಡ್ಡ ಬೀಳುತ್ತದೆ. ಬೇರೆ ಹಾಳೆ ಸಿಗದಿದ್ದರೆ ಮಡಚುವ ಮೊದಲು ಕ್ರೀಸಿಂಗ್ (ಮಡಿಕೆಯ ಗೆರೆ ಒತ್ತುವುದು) ಮಾಡಿಸಲೇಬೇಕು.

ಡಿಟಿಪಿ, ಅಂದರೆ ಕಂಪ್ಯೂಟರ್‌ನಲ್ಲಿ ಪುಟ ಜೋಡಿಸುವ ಕೆಲಸ ವೇಗವಾಗಿದೆ, ಆದರೆ ಪ್ರೂಫ್ ತಿದ್ದುವುದು ನಿಮ್ಮದೇ ಹೊಣೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಯೂನಿಕೋಡ್ (ಮೊಬೈಲ್‌ನಲ್ಲಿ ಬಳಸುವ ಅಕ್ಷರ ವಿಧಾನ) ಬರಹವನ್ನು ಯೂನಿಕೋಡ್ ಅಲ್ಲದ ನುಡಿ ಫಾಂಟಿಗೆ ಬದಲಿಸಿದಾಗ ಇಂಗ್ಲಿಷ್ ಅಕ್ಷರದಲ್ಲಿದ್ದ ತಂಡದ ಹೆಸರು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಕೂರುತ್ತದೆ. ಕಳಿಸುವಾಗಲೇ ಎಲ್ಲವನ್ನೂ ಕನ್ನಡ ಲಿಪಿಗೆ ತಂದುಬಿಡಿ.

ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. ಹೊದಿಕೆ ತುಂಬುವ ಚಿತ್ರಕ್ಕೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ ಕನಿಷ್ಠ 2550×3300 ಪಿಕ್ಸೆಲ್ ಬೇಕು. ಕಟಿಂಗ್‌ನಲ್ಲಿ ಹೋಗುವ ಅಂಚಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು. 2013-14 ಮತ್ತು 2014-15ರಲ್ಲಿ ರಾಜ್ಯಕ್ಕೆ ಸತತ ರಣಜಿ ಗೆದ್ದುಕೊಟ್ಟ ನಾಯಕ, ನಮ್ಮೂರಿನ ವಿನಯ್ ಕುಮಾರ್ ಅವರ ಚಿತ್ರವನ್ನು ಇಂಟರ್ನೆಟ್‌ನಿಂದ ಇಳಿಸಿ ಹಾಕಿದರೆ ಮಸುಕಾಗುವುದಲ್ಲದೆ ಹಕ್ಕುಸ್ವಾಮ್ಯದ ತಂಟೆಯೂ ಬರುತ್ತದೆ. ಕಪ್ಪು-ಬಿಳುಪಿನಲ್ಲಿ ಕುಸ್ತಿ ಚಿತ್ರವೇ ಕಷ್ಟ: ಅಖಾಡದ ಕೆಮ್ಮಣ್ಣು, ಪೈಲ್ವಾನರ ಮೈ ಎರಡೂ ಒಂದೇ ಬೂದು. ಮ್ಯಾಪ್‌ಲಿಥೊ ಮಸಿ ಹೀರುವುದರಿಂದ ಪರದೆಯ ಮೇಲೆ ಸರಿ ಕಂಡದ್ದು ಕಾಗದದ ಮೇಲೆ ಕಪ್ಪಾಗುತ್ತದೆ. ಚಿತ್ರವನ್ನು ಸ್ವಲ್ಪ ಹೆಚ್ಚೇ ತಿಳಿಯಾಗಿಸಿ ಕೊಡಿ.

ನೋಂದಣಿ ಆಗದ ಮಾಸಿಕವನ್ನು ಮುದ್ರಿಸಲು ಒಪ್ಪದ ಪ್ರೆಸ್ ಸಿಕ್ಕರೆ ಕೋಪ ಬೇಡ, ಅಂಥವರೇ ಬೇಕು. 2023ರ ಪತ್ರಿಕಾ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ; ಶೀರ್ಷಿಕೆ, ನೋಂದಣಿ ಎರಡಕ್ಕೂ ಸರ್ಕಾರದ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಒಟ್ಟಿಗೇ ಅರ್ಜಿ. ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು ಪ್ರತಿ ಸಂಚಿಕೆಯಲ್ಲೂ ಇರಬೇಕು.

ಬಾಕಿ ಹಣ ಎಣಿಸುವ ಮುಂಚೆ ಬಂಡಲ್ ಬಿಚ್ಚಿಸಿ, ಮೇಲಿನದ್ದು ಬಿಟ್ಟು ನಡುವಿನ ಹತ್ತು ಪ್ರತಿ ತಿರುವಿ ನೋಡಿ. ಹಾಳೆ ಜೋಡಿಸುವಾಗ ಒಂದು ತಪ್ಪಿದರೆ ಎಂಟು ಪುಟ ಒಮ್ಮೆಗೇ ಮಾಯ. ಅಂಥ ಪ್ರತಿಗಳನ್ನು ಅಲ್ಲೇ ಬದಲಿಸಿಕೊಡುತ್ತಾರೆ. ಹರಿಹರ, ಚನ್ನಗಿರಿ ಬಸ್ಸಿಗೆ ಹಾಕಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.